ಮೊದಲು ಕಾಸು, ಆಮೇಲೆ ಕಜ್ಜಾಯ

ಗಂಗೊಳ್ಳಿಯ ಬಂದರಿನಲ್ಲಿ ಬೆಳಿಗ್ಗೆ ಏಲಂ ಕೂಗಿ ಬಂಗುಡೆಯ ಬುಟ್ಟಿ ಹಿಡಿದ ಹೆಂಗಸಿಗೆ ಒಂದು ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ. ಹೊತ್ತೇರಿದಂತೆ ಮೀನಿನ ಬೆಲೆ ಇಳಿಯುತ್ತದೆ. ಮಧ್ಯಾಹ್ನದೊಳಗೆ ಬುಟ್ಟಿ ಖಾಲಿಯಾದರೆ ಲಾಭ, ಸಂಜೆಗೂ ಉಳಿದರೆ ನಷ್ಟ, ಮರುದಿನಕ್ಕೆ ಉಳಿದರೆ ತೆಂಗಿನ ಬುಡಕ್ಕೆ ಗೊಬ್ಬರ. ಎಷ್ಟು ಮೀನು ಕೊಂಡಳು ಎಂಬುದಕ್ಕಿಂತ ಎಷ್ಟು ಬೇಗ ಮಾರಿದಳು ಎಂಬುದೇ ಆ ವ್ಯಾಪಾರದ ಜೀವಾಳ.

ಕಂಪ್ಯೂಟರ್ ಕೂಡ ಮೀನಿನಂಥದೇ ಸರಕು ಎಂದರೆ ನಗು ಬರಬಹುದು. ಅದು ಕೊಳೆಯುವುದಿಲ್ಲ, ನಾರುವುದಿಲ್ಲ, ನಿಜ. ಆದರೆ ಗೋದಾಮಿನಲ್ಲಿಟ್ಟ ಕಂಪ್ಯೂಟರಿನ ಬೆಲೆ ದಿನದಿಂದ ದಿನಕ್ಕೆ ಇಳಿಯುತ್ತಲೇ ಇರುತ್ತದೆ. ಇಂದು ಹೊಸದೆನಿಸಿದ ಚಿಪ್ಪು ಆರು ತಿಂಗಳಿಗೆ ಹಳತು, ಇಂದಿನ ಬೆಲೆಗೆ ಕೊಂಡ ಮೆಮೊರಿ ಮುಂದಿನ ತಿಂಗಳು ಅಗ್ಗ. ಈ ಒಂದು ಸತ್ಯವನ್ನು ಬೇರೆಯವರಿಗಿಂತ ಮೊದಲು ಹಿಡಿದು ವ್ಯಾಪಾರ ಕಟ್ಟಿದ ಕಂಪೆನಿ ಅಮೆರಿಕದ ಡೆಲ್. ಅದರ ಮಾರಾಟದ ಕ್ರಮ ಎಷ್ಟು ಒಳ್ಳೆಯದು, ಅದರ ಷೇರಿಗೆ ಎಷ್ಟು ಬೆಲೆ ಕೊಡಬಹುದು ಎಂಬ ವಾದ ಹೂಡಿಕೆದಾರರ ನಡುವೆ ಕಾಲು ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ಕೊನೆಗೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಅಮೆರಿಕದ ಕಂಪೆನಿಯೊಂದರ ಷೇರಿನ ಜಗಳದಿಂದ ಕುಂದಾಪುರ, ಬೈಂದೂರು, ಬ್ರಹ್ಮಾವರದವರಿಗೆ ಆಗಬೇಕಾದದ್ದೇನು ಎಂದು ಕೇಳಬಹುದು. ಹೋಟೆಲು ಮತ್ತು ಬ್ಯಾಂಕು ಎಂಬ ಎರಡು ಕಸುಬುಗಳಿಂದ ಹೆಸರಾದ ಸೀಮೆ ಇದು. ಮೊದಲು ಹಣ ಪಡೆದು ಆಮೇಲೆ ಸರಕು ಕೊಡುವ ವಿದ್ಯೆಯನ್ನು ಒಂದು ಕಸುಬಿನಲ್ಲಿ ಕಂಡಿದೆ. ಷೇರು ಎಂಬ ಕಾಗದದ ಏಳುಬೀಳನ್ನು ಇನ್ನೊಂದರಲ್ಲಿ ಕಂಡಿದೆ. ಇಂದು ಬೆಂಗಳೂರಿನ ಕಂಪ್ಯೂಟರ್ ಕಂಪೆನಿಗಳಲ್ಲಿ ದುಡಿಯುವ ಇಲ್ಲಿನ ಮಕ್ಕಳಲ್ಲಿ ಕೆಲವರಿಗೆ ಸಂಬಳದ ಒಂದು ಭಾಗ ಷೇರಿನ ರೂಪದಲ್ಲೇ ಬರುತ್ತದೆ. ಊರಲ್ಲಿದ್ದವರೂ ಮೊಬೈಲಿನಲ್ಲೇ ಷೇರು ಕೊಳ್ಳುತ್ತಾರೆ. ‘ಕಂಪೆನಿ ಒಳ್ಳೆಯದು, ಆದ್ದರಿಂದ ಷೇರೂ ಒಳ್ಳೆಯದು’ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಈ ‘ಆದ್ದರಿಂದ’ ಎಂಬ ಪದದಲ್ಲೇ ತೊಡಕಿದೆ. ಡೆಲ್ ಕಂಪೆನಿಯ ಕಥೆ ಆ ತೊಡಕನ್ನು ಬಿಡಿಸಿ ತೋರಿಸುತ್ತದೆ.

ನಡುವಿನವನಿಲ್ಲದ ಅಂಗಡಿ

1980ರ ದಶಕದಲ್ಲಿ ಕಂಪ್ಯೂಟರ್ ಮಾರಾಟ ಇತರ ಸರಕುಗಳ ಮಾರಾಟದಂತೆಯೇ ಇತ್ತು. ಕಂಪೆನಿ ಮುಂದಿನ ತಿಂಗಳುಗಳಲ್ಲಿ ಎಷ್ಟು ಹೋದೀತು ಎಂದು ಊಹಿಸಿ ಕಂಪ್ಯೂಟರುಗಳನ್ನು ತಯಾರಿಸುತ್ತಿತ್ತು. ಅವು ಸಗಟು ವ್ಯಾಪಾರಿಯ ಗೋದಾಮಿಗೆ, ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ಗಿರಾಕಿಗೆ ಹೋಗುತ್ತಿದ್ದವು. ಪ್ರತಿ ಮೆಟ್ಟಿಲಲ್ಲೂ ಒಬ್ಬೊಬ್ಬರ ಲಾಭ ಸೇರುತ್ತಿತ್ತು, ಕೆಲವು ವಾರಗಳು ಕಳೆಯುತ್ತಿದ್ದವು. ಊಹೆ ತಪ್ಪಿದರೆ ಗೋದಾಮಿನಲ್ಲಿ ಉಳಿದ ಸರಕು ಅರ್ಧ ಬೆಲೆಗೆ ಹೋಗಬೇಕು.

ಟೆಕ್ಸಾಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಮೈಕೆಲ್ ಡೆಲ್ 1984ರಲ್ಲಿ 1,000 ಡಾಲರ್ ಬಂಡವಾಳದಿಂದ ತನ್ನ ಹಾಸ್ಟೆಲ್ ಕೋಣೆಯಲ್ಲೇ ಬೇರೊಂದು ದಾರಿ ಹಿಡಿದ. ಗಿರಾಕಿ ಟೆಲಿಫೋನಿನಲ್ಲಿ ನೇರವಾಗಿ ಆರ್ಡರ್ ಕೊಡಬೇಕು. ಆತ ಕೇಳಿದಂಥ ಕಂಪ್ಯೂಟರನ್ನು ಆರ್ಡರ್ ಬಂದ ಮೇಲೆ ಜೋಡಿಸಿ ಮನೆಗೋ ಕಚೇರಿಗೋ ಕಳುಹಿಸಬೇಕು. ನಡುವೆ ಸಗಟು ವ್ಯಾಪಾರಿಯೂ ಇಲ್ಲ, ಅಂಗಡಿಯೂ ಇಲ್ಲ. ಮೊದಲು ‘ಪೀಸೀಸ್ ಲಿಮಿಟೆಡ್’ ಎಂದಿದ್ದ ಕಂಪೆನಿ ಮುಂದೆ ಡೆಲ್ ಹೆಸರಿನಿಂದಲೇ ಬೆಳೆಯಿತು. 1988ರ ಜೂನ್ ತಿಂಗಳಲ್ಲಿ ಷೇರೊಂದಕ್ಕೆ 8.50 ಡಾಲರ್ ದರದಲ್ಲಿ ಸಾರ್ವಜನಿಕರಿಗೆ ಷೇರು ಮಾರಿ ಸುಮಾರು 3 ಕೋಟಿ ಡಾಲರ್ ಸಂಗ್ರಹಿಸಿತು. 1996ರಿಂದ ಅಂತರಜಾಲದ ಮೂಲಕವೂ ಆರ್ಡರ್ ಪಡೆಯತೊಡಗಿತು.

ದಾರಿ ನೇರವಾಗಿತ್ತು ಎಂದಮಾತ್ರಕ್ಕೆ ಕಂಪೆನಿ ಎಂದೂ ಕವಲೊಡೆಯಲಿಲ್ಲ ಎಂದಲ್ಲ. 1990ರ ದಶಕದ ಆರಂಭದಲ್ಲಿ ದೊಡ್ಡ ಅಂಗಡಿಗಳ ಮೂಲಕವೂ ಮಾರಿ ನೋಡಿತು. ಮಾರಾಟ ಏರಿತು, ಆದರೆ ಅದರಲ್ಲಿ ಉಳಿತಾಯ ಕಾಣಲಿಲ್ಲ. 1994ರಲ್ಲಿ ಅಂಗಡಿಗಳಿಗೆ ಕೈಮುಗಿದು ಮತ್ತೆ ನೇರ ಮಾರಾಟಕ್ಕೇ ಹಿಂದಿರುಗಿತು. ಅದರ ದೊಡ್ಡ ಏಳಿಗೆ ಆರಂಭವಾದದ್ದು ಅಲ್ಲಿಂದ ಮುಂದೆ.

ಏಳು, ಮೂವತ್ತಾರು, ಐವತ್ತೊಂದು

ಈ ಕ್ರಮದ ಗುಟ್ಟನ್ನು ಮೂರು ಅಂಕಿಗಳಲ್ಲಿ ಹೇಳಬಹುದು. 1998ರ ಆರಂಭಕ್ಕೆ ಮುಗಿದ ವರ್ಷದಲ್ಲಿ ಡೆಲ್ ಕಂಪೆನಿಯ ಬಳಿ ಇದ್ದ ದಾಸ್ತಾನು ಸುಮಾರು 7 ದಿನಗಳದ್ದು. ಮಾರಿದ ಸರಕಿನ ಹಣ ಗಿರಾಕಿಗಳಿಂದ ಕೈಸೇರಲು ಸರಾಸರಿ 36 ದಿನ ಹಿಡಿಯುತ್ತಿತ್ತು. ವ್ಯಕ್ತಿಗಳು ಕಾರ್ಡಿನ ಮೂಲಕ ಕೂಡಲೇ ಹಣ ಕೊಡುತ್ತಿದ್ದರೂ ದೊಡ್ಡ ಕಂಪೆನಿಗಳು, ಸರಕಾರಿ ಕಚೇರಿಗಳು ತಿಂಗಳ ವಾಯಿದೆ ಕೇಳುತ್ತಿದ್ದವು. ಇನ್ನು ಬಿಡಿಭಾಗ ಒದಗಿಸಿದವರಿಗೆ ಡೆಲ್ ಹಣ ಕೊಡುತ್ತಿದ್ದದ್ದು ಸುಮಾರು 51 ದಿನಗಳ ನಂತರ.

ಈಗ ಕೂಡಿ ಕಳೆಯೋಣ. ಬಿಡಿಭಾಗ ಬಂದು 7 ದಿನಕ್ಕೆ ಕಂಪ್ಯೂಟರ್ ಹೊರಟಿತು. ಇನ್ನು 36 ದಿನಕ್ಕೆ, ಅಂದರೆ 43ನೆಯ ದಿನ, ಹಣ ಬಂತು. ಆದರೆ ಬಿಡಿಭಾಗದವರಿಗೆ ಕೊಡಬೇಕಾದದ್ದು 51ನೆಯ ದಿನ. ನಡುವಿನ 8 ದಿನ ಗಿರಾಕಿಯ ಹಣ ಕಂಪೆನಿಯ ಗಲ್ಲಾಪೆಟ್ಟಿಗೆಯಲ್ಲಿ ಬಡ್ಡಿಯಿಲ್ಲದೆ ಕೂತಿರುತ್ತದೆ. ಸಾಮಾನ್ಯ ವ್ಯಾಪಾರಿ ವ್ಯಾಪಾರ ಹೆಚ್ಚಿಸಬೇಕಾದರೆ ಸಾಲ ತರಬೇಕು. ಡೆಲ್ ಕಂಪೆನಿಗಾದರೋ ವ್ಯಾಪಾರ ಹೆಚ್ಚಿದಷ್ಟೂ ಕೈಯಲ್ಲಿ ಹಣ ಹೆಚ್ಚುತ್ತಿತ್ತು. ಅದರ ಬೆಳವಣಿಗೆಗೆ ಬಂಡವಾಳ ಒದಗಿಸಿದವರು ಒಂದರ್ಥದಲ್ಲಿ ಅದರ ಗಿರಾಕಿಗಳು ಮತ್ತು ಸರಕು ಒದಗಿಸಿದವರು.

ಎರಡನೆಯ ಲಾಭವೂ ಇತ್ತು. ಬಿಡಿಭಾಗಗಳ ಬೆಲೆ ವಾರವಾರವೂ ಇಳಿಯುವಾಗ, ಏಳು ದಿನದ ದಾಸ್ತಾನಿನವನು ಇಂದಿನ ಇಳಿದ ಬೆಲೆಗೆ ಕೊಂಡಿರುತ್ತಾನೆ. ಎರಡು ತಿಂಗಳ ದಾಸ್ತಾನಿನವನು ಎರಡು ತಿಂಗಳ ಹಿಂದಿನ ಏರಿದ ಬೆಲೆಗೆ ಕೊಂಡಿರುತ್ತಾನೆ. ಇಬ್ಬರೂ ಒಂದೇ ಬೆಲೆಗೆ ಮಾರಿದರೂ ಉಳಿಯುವುದು ಬೇರೆ ಬೇರೆ. ಡೆಲ್ ಬೆಲೆ ಇಳಿಸಿದಾಗ ಎದುರಾಳಿಗಳಿಗೆ ಉಸಿರು ಕಟ್ಟುತ್ತಿದ್ದುದು ಈ ಕಾರಣದಿಂದಲೇ.

ಹೋಟೆಲಿನವರಿಗೆ ತಿಳಿದ ವಿದ್ಯೆ

ಈ ಲೆಕ್ಕ ನಮ್ಮ ಹೋಟೆಲಿನವರಿಗೆ ಹೊಸತಲ್ಲ. ಊಟ ಮುಗಿದ ಕೂಡಲೇ ಗಿರಾಕಿ ಹಣ ಕೊಡುತ್ತಾನೆ. ಹಾಲಿನವನಿಗೆ, ತರಕಾರಿಯವನಿಗೆ, ದಿನಸಿ ಅಂಗಡಿಗೆ ವಾರಕ್ಕೋ ತಿಂಗಳಿಗೋ ಲೆಕ್ಕ ಚುಕ್ತಾ. ಬೆಳಿಗ್ಗೆ ರುಬ್ಬಿದ ಹಿಟ್ಟು ರಾತ್ರಿಯೊಳಗೆ ಮುಗಿಯಬೇಕು. ದಾಸ್ತಾನು ಒಂದೇ ದಿನದ್ದು. ಕೈಯಲ್ಲಿ ದೊಡ್ಡ ಬಂಡವಾಳವಿಲ್ಲದೆ ಊರುಬಿಟ್ಟು ಹೋದ ಕರಾವಳಿಯ ಹುಡುಗರು ಬೆಂಗಳೂರು, ಮುಂಬಯಿ, ಮದ್ರಾಸುಗಳಲ್ಲಿ ಹೋಟೆಲು ತೆರೆಯಲು ಸಾಧ್ಯವಾದದ್ದರಲ್ಲಿ ಅವರ ದುಡಿಮೆಯ ಜೊತೆಗೆ ಈ ಲೆಕ್ಕದ ಪಾಲೂ ಇದೆ.

1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ಆರಂಭಿಸಿದಾಗ ಈ ವಿದ್ಯೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗಿರಾಕಿ ಮೊದಲು ಹಣ ಕೊಟ್ಟು ಚೀಟಿ ಪಡೆಯಬೇಕು, ತಾನೇ ತಟ್ಟೆ ತೆಗೆದುಕೊಂಡು ನಿಂತು ತಿನ್ನಬೇಕು. ಬಡಿಸುವವರಿಲ್ಲ, ಕುರ್ಚಿಯಿಲ್ಲ, ಬಿಲ್ಲಿಗೆ ಕಾಯುವುದಿಲ್ಲ. ಉಳಿದ ಖರ್ಚಿನಿಂದ ತಿಂಡಿ ಅಗ್ಗವಾಯಿತು. ಡೆಲ್ ಕಂಪೆನಿಯ ಆರಂಭಕ್ಕೆ ಸರಿಯಾಗಿ ಒಂದು ವರ್ಷ ಮೊದಲು ನಡೆದ ಸಂಗತಿ ಇದು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆದರೆ ಇಬ್ಬರೂ ಕೇಳಿಕೊಂಡ ಪ್ರಶ್ನೆ ಒಂದೇ: ತಯಾರಿಸುವವನಿಗೂ ಕೊಳ್ಳುವವನಿಗೂ ನಡುವೆ ಇರುವುದರಲ್ಲಿ ಯಾವುದನ್ನು ತೆಗೆದರೆ ಗಿರಾಕಿ ಬೇಸರಪಡುವುದಿಲ್ಲ?

ದರ್ಶಿನಿಗಳ ಮುಂದಿನ ಕಥೆ ಎಲ್ಲರಿಗೂ ಗೊತ್ತು. ಒಂದರ ಪಕ್ಕ ಇನ್ನೊಂದು ಬಂತು. ಚೀಟಿ ಕೊಟ್ಟು ನಿಲ್ಲಿಸುವ ಉಪಾಯವನ್ನು ಯಾರೂ ಬೀಗ ಹಾಕಿ ಇಟ್ಟುಕೊಳ್ಳಲಾಗಲಿಲ್ಲ. ಉಪಾಯ ಎಲ್ಲರದ್ದಾದ ಮೇಲೆ ಲಾಭ ನಿಂತದ್ದು ಚಟ್ನಿಯ ರುಚಿಯ ಮೇಲೆ, ಜಾಗದ ಬಾಡಿಗೆಯ ಮೇಲೆ, ಯಜಮಾನನ ಕಣ್ಣಿನ ಮೇಲೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಈಗ ಷೇರಿನ ಕಡೆ ಬರೋಣ.

ಹೋಟೆಲಿನ ಕ್ರಯವೆಷ್ಟು?

ಷೇರು ಎಂದರೆ ಕಂಪೆನಿಯ ಒಂದು ಚೂರು ಒಡೆತನ. ಅದರ ಬೆಲೆ ಸರಿಯೋ ತಪ್ಪೋ ಎಂದು ತಿಳಿಯಬೇಕಾದರೆ ಇಡೀ ಕಂಪೆನಿಯನ್ನು ಕೊಳ್ಳುತ್ತಿದ್ದೇವೆ ಎಂದು ಭಾವಿಸುವುದು ಸುಲಭದ ದಾರಿ. ಕುಂದಾಪುರದ ಪೇಟೆಯಲ್ಲಿ ವರ್ಷಕ್ಕೆ 10 ಲಕ್ಷ ರೂಪಾಯಿ ಉಳಿಯುವ ಒಂದು ಹೋಟೆಲ್ ಮಾರಾಟಕ್ಕಿದೆ ಎಂದುಕೊಳ್ಳೋಣ. ಒಂದು ಕೋಟಿಗೆ ಕೊಟ್ಟರೆ ಹತ್ತು ವರ್ಷದಲ್ಲಿ ಹಾಕಿದ ಹಣ ಬರುತ್ತದೆ. ಏಳು ಕೋಟಿ ಕೇಳಿದರೆ? ಈಗಿನ ಉಳಿತಾಯದಲ್ಲಿ ಎಪ್ಪತ್ತು ವರ್ಷ ಬೇಕು. ಆದರೂ ಒಬ್ಬ ಏಳು ಕೋಟಿ ಕೊಡಬಹುದು, ಇದರ ಲಾಭ ಐದೇ ವರ್ಷದಲ್ಲಿ ಹತ್ತು ಪಟ್ಟು ಆಗುತ್ತದೆ ಎಂದು ಆತ ನಂಬಿದ್ದರೆ. ಅಂದರೆ ಏಳು ಕೋಟಿಯಲ್ಲಿ ಒಂದು ಕೋಟಿ ಇಂದಿನ ಹೋಟೆಲಿಗೆ, ಉಳಿದ ಆರು ಕೋಟಿ ಇನ್ನೂ ಹುಟ್ಟದ ಲಾಭಕ್ಕೆ.

ಹೋಟೆಲು ಅದೇ, ಇಡ್ಲಿ ಅದೇ, ಯಜಮಾನನೂ ಅವನೇ. ಒಂದು ಬೆಲೆಗೆ ಅದು ಜಾಣತನದ ಖರೀದಿ, ಇನ್ನೊಂದು ಬೆಲೆಗೆ ಜೂಜು. ಕಾಸಿಗೆ ತಕ್ಕ ಕಜ್ಜಾಯ ಎನ್ನುತ್ತೇವೆ. ಷೇರುಪೇಟೆಯಲ್ಲಿ ಕಾಸು ಇಂದು ಕೊಡಬೇಕು, ಕಜ್ಜಾಯ ಮುಂದೆಂದೋ ಬರುತ್ತದೆ, ಎಷ್ಟು ಬರುತ್ತದೆಂದು ಯಾರೂ ಬರೆದುಕೊಡುವುದಿಲ್ಲ. ಗಿರಾಕಿಯಿಂದ ಮೊದಲು ಹಣ ಪಡೆಯುವ ಕಂಪೆನಿಯ ಷೇರು ಕೊಂಡವನು, ತಾನೂ ಮೊದಲು ಹಣ ಕೊಟ್ಟ ಗಿರಾಕಿಯೇ ಆಗಿರುತ್ತಾನೆ.

ಎರಡು ಪಕ್ಷ

1990ರ ದಶಕದಲ್ಲಿ ಡೆಲ್ ಷೇರು ಅಮೆರಿಕದ ಐನೂರು ದೊಡ್ಡ ಕಂಪೆನಿಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಏರಿದ ಷೇರೆನಿಸಿತು. ಏರಿದಂತೆ ಹೂಡಿಕೆದಾರರಲ್ಲಿ ಎರಡು ಪಕ್ಷಗಳಾದವು.

ಒಂದು ಪಕ್ಷದವರ ವಾದ ಹೀಗಿತ್ತು. ಈ ಕ್ರಮವನ್ನು ಎದುರಾಳಿಗಳು ಅನುಕರಿಸಲಾರರು. ಅಂದು ಎಲ್ಲರಿಗಿಂತ ದೊಡ್ಡದಾಗಿದ್ದ ಕಾಂಪ್ಯಾಕ್ ಕಂಪೆನಿ ಅಂಗಡಿಗಳನ್ನೇ ನೆಚ್ಚಿಕೊಂಡಿದೆ. ಅದು ನೇರವಾಗಿ ಮಾರತೊಡಗಿದರೆ ಅಂಗಡಿಯವರು ಮುನಿಸಿಕೊಂಡು ಅದರ ಸರಕನ್ನು ಮೂಲೆಗೆ ತಳ್ಳುತ್ತಾರೆ. ಮಾರದಿದ್ದರೆ ಡೆಲ್ ಮುಂದೆ ಸೋಲುತ್ತದೆ. ಅತ್ತ ಹೋದರೆ ದರಿ, ಇತ್ತ ಹೋದರೆ ಪುಲಿ. ಆದ್ದರಿಂದ ಡೆಲ್ ಎಷ್ಟು ದುಬಾರಿಯಾದರೂ ಕೊಳ್ಳಬಹುದು. ಈ ವಾದದಲ್ಲಿ ಸತ್ಯವಿತ್ತು. ಕಾಂಪ್ಯಾಕ್ ನಿಜವಾಗಿ ಸೊರಗಿ 2002ರಲ್ಲಿ ಎಚ್‌ಪಿ ಕಂಪೆನಿಯಲ್ಲಿ ಲೀನವಾಯಿತು.

ಇನ್ನೊಂದು ಪಕ್ಷ ಕ್ರಮವನ್ನು ಹಳಿಯಲಿಲ್ಲ, ಬೆಲೆಯನ್ನು ಪ್ರಶ್ನಿಸಿತು. ಕಂಪ್ಯೂಟರಿನ ಒಳಗಿನ ಚಿಪ್ಪು ಇಂಟೆಲ್ ಕಂಪೆನಿಯದು, ಅದನ್ನು ನಡೆಸುವ ತಂತ್ರಾಂಶ ಮೈಕ್ರೋಸಾಫ್ಟಿನದು. ಡೆಲ್ ಮಾಡುವುದು ಜೋಡಿಸಿ ಕಳುಹಿಸುವ ಕೆಲಸ. ಒಳ್ಳೆಯ ಜೋಡಣೆಗಾರ, ಸರಿ. ಆದರೆ ವರ್ಷದ ಲಾಭದ 70 ಪಟ್ಟಿಗೂ ಮೀರಿ ಬೆಲೆ ಕೊಡುವುದೆಂದರೆ ಈ ಬೆಳವಣಿಗೆ ಎಂದೂ ನಿಲ್ಲುವುದಿಲ್ಲ ಎಂದು ನಂಬಿದ ಹಾಗೆ. 2000ದ ಆರಂಭದಲ್ಲಿ ಡೆಲ್ ಷೇರು ಅಷ್ಟು ದುಬಾರಿಯಾಗಿತ್ತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಅದು 58 ಡಾಲರಿನ ಆಸುಪಾಸಿಗೆ ಏರಿತ್ತು.

ಆಮೇಲೆ ನಡೆದದ್ದು ಗಮನಿಸತಕ್ಕದ್ದು. 2000ದ ಜನವರಿಗೆ ಮುಗಿದ ವರ್ಷದಲ್ಲಿ ಕಂಪೆನಿಯ ಮಾರಾಟ ಸುಮಾರು 2,500 ಕೋಟಿ ಡಾಲರ್. ಆರು ವರ್ಷಗಳ ನಂತರ ಅದು ಸುಮಾರು 5,600 ಕೋಟಿ ಡಾಲರ್. ವ್ಯಾಪಾರ ಎರಡು ಪಟ್ಟು ಮೀರಿ ಬೆಳೆದಿತ್ತು, ಲಾಭವೂ ಬೆಳೆದಿತ್ತು. ಆದರೆ ಷೇರು 2000ದ ಬೆಲೆಯ ಅರ್ಧದ ಸುತ್ತಮುತ್ತಲೇ ಇತ್ತು. ವ್ಯಾಪಾರದ ವಿಷಯದಲ್ಲಿ ಮೊದಲ ಪಕ್ಷದವರ ಮಾತು ನಿಜವಾಗಿತ್ತು. ಹಣ ಕಳೆದುಕೊಂಡವರೂ ಅವರೇ. ಕಂಪೆನಿಯ ಬಗ್ಗೆ ಸರಿಯಾಗಿ ಊಹಿಸಿಯೂ ಷೇರಿನಲ್ಲಿ ಸೋಲಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಕಾಲ ಬದಲಾದಾಗ

ಮುಂದೆ ಕ್ರಮದ ಬಲವೂ ಕುಂದತೊಡಗಿತು. ಮೇಜಿನ ಮೇಲಿಡುವ ದೊಡ್ಡ ಕಂಪ್ಯೂಟರುಗಳ ಜಾಗಕ್ಕೆ ಲ್ಯಾಪ್‌ಟಾಪ್ ಬಂತು. ಅದನ್ನು ಗಿರಾಕಿ ಕೇಳಿದಂತೆ ಒಂದೊಂದಾಗಿ ಜೋಡಿಸುವುದಕ್ಕಿಂತ ತೈವಾನಿನ ಕಂಪೆನಿಗಳು ಸಾವಿರಗಟ್ಟಲೆ ಮಾಡಿಕೊಟ್ಟದ್ದೇ ಅಗ್ಗವಾಯಿತು. ಎದುರಾಳಿಗಳೂ ದಾಸ್ತಾನು ಇಳಿಸುವುದನ್ನು ಕಲಿತರು. ಮನೆಗೆ ಕಂಪ್ಯೂಟರ್ ಕೊಳ್ಳುವವರು ಕಚೇರಿಯವರಂತೆ ಪಟ್ಟಿ ನೋಡಿ ಆರ್ಡರ್ ಮಾಡುವವರಲ್ಲ. ಅವರಿಗೆ ಅಂಗಡಿಯಲ್ಲಿ ಎತ್ತಿ ನೋಡಬೇಕು, ಬಣ್ಣ ನೋಡಬೇಕು, ಕೀಲಿ ಒತ್ತಿ ನೋಡಬೇಕು. 2006ರಲ್ಲಿ ಎಚ್‌ಪಿ ಮೊದಲ ಸ್ಥಾನಕ್ಕೇರಿತು. 2007ರಲ್ಲಿ ಮೈಕೆಲ್ ಡೆಲ್ ಮತ್ತೆ ಮುಖ್ಯ ಕಾರ್ಯನಿರ್ವಾಹಕರಾಗಿ ಬಂದರು. ಅದೇ ವರ್ಷ ವಾಲ್‌ಮಾರ್ಟ್ ಅಂಗಡಿಗಳಲ್ಲಿ ಡೆಲ್ ಕಂಪ್ಯೂಟರುಗಳು ಕಾಣಿಸಿಕೊಂಡವು. ಭಾರತದಲ್ಲೂ ಕಂಪೆನಿ ಅಂಗಡಿಗಳ ದಾರಿ ಹಿಡಿಯಿತು. ಹದಿಮೂರು ವರ್ಷ ಹಿಂದೆ ಕೈಮುಗಿದು ಬಿಟ್ಟ ಬಾಗಿಲನ್ನೇ ಮತ್ತೆ ತಟ್ಟಬೇಕಾಯಿತು.

ಮೊದಲು ಹಣ ಪಡೆಯುವ ಕ್ರಮಕ್ಕೆ ಇನ್ನೊಂದು ಮುಖವೂ ಇದೆ. ವ್ಯಾಪಾರ ಏರುವಾಗ ಅದು ಹಣ ತುಂಬಿಸುತ್ತದೆ, ಇಳಿಯುವಾಗ ಹಣ ಹೀರುತ್ತದೆ. ಹೋಟೆಲಿಗೆ ಗಿರಾಕಿ ಕಡಿಮೆಯಾದ ತಿಂಗಳಲ್ಲೂ ಹಿಂದಿನ ತಿಂಗಳ ಹಾಲಿನ ಲೆಕ್ಕ ಬಾಗಿಲಲ್ಲಿ ನಿಂತಿರುತ್ತದೆ. ಗಲ್ಲಾದಲ್ಲಿ ಕಂಡ ಹಣವೆಲ್ಲ ತನ್ನದೇ ಎಂದುಕೊಂಡ ಯಜಮಾನನಿಗೆ ಆಗ ಅರಿವಾಗುತ್ತದೆ, ಅದರಲ್ಲಿ ದೊಡ್ಡ ಪಾಲು ಹಾಲಿನವನದು ಎಂದು.

ಇದೇ ಅವಧಿಯಲ್ಲಿ ಆ್ಯಪಲ್ ಕಂಪೆನಿಯದು ಬೇರೆಯೇ ಪಾಠ. 1997ರಲ್ಲಿ ಆ್ಯಪಲ್ ಮುಳುಗುವಂತಿದ್ದಾಗ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದಕ್ಕೆ, ಅದನ್ನು ಮುಚ್ಚಿ ಹಣವನ್ನು ಷೇರುದಾರರಿಗೆ ಹಿಂದಿರುಗಿಸುತ್ತಿದ್ದೆ ಎಂಬರ್ಥದ ಮಾತನ್ನು ಮೈಕೆಲ್ ಡೆಲ್ ಆಡಿದ್ದರು. 2001ರಲ್ಲಿ ಆ್ಯಪಲ್ ತನ್ನದೇ ಅಂಗಡಿಗಳನ್ನು ತೆರೆಯಿತು. ಅದೂ ನೇರ ಮಾರಾಟವೇ, ಆದರೆ ಗಿರಾಕಿ ಒಳಗೆ ಬಂದು ಮುಟ್ಟಿ ನೋಡಬಹುದಾದ ನೇರ ಮಾರಾಟ. 2006ರ ಜನವರಿಯಲ್ಲಿ ಷೇರುಪೇಟೆಯ ಲೆಕ್ಕದಲ್ಲಿ ಆ್ಯಪಲ್ ಕಂಪೆನಿಯ ಒಟ್ಟು ಬೆಲೆ ಡೆಲ್ ಕಂಪೆನಿಯದನ್ನು ದಾಟಿತು. ನಡುವಿನವನನ್ನು ತೆಗೆಯುವುದೊಂದೇ ಗುಟ್ಟಾಗಿರಲಿಲ್ಲ. ಗಿರಾಕಿಗೆ ಏನು ಬೇಕೆಂದು ಬಲ್ಲುದು ಗುಟ್ಟಾಗಿತ್ತು.

ನ್ಯಾಯಾಧೀಶರ ಮುಂದೆ ಬೆಲೆ

2013ರಲ್ಲಿ ವಾದ ತಿರುವುಮುರುವಾಯಿತು. ಷೇರು ಬಹಳ ಇಳಿದಿದ್ದಾಗ ಮೈಕೆಲ್ ಡೆಲ್ ಅವರೂ ಸಿಲ್ವರ್ ಲೇಕ್ ಎಂಬ ಹೂಡಿಕೆ ಸಂಸ್ಥೆಯೂ ಸೇರಿ ಎಲ್ಲ ಷೇರುಗಳನ್ನು ಕೊಂಡು ಕಂಪೆನಿಯನ್ನು ಪೇಟೆಯಿಂದ ಹೊರತೆಗೆಯಲು ಹೊರಟರು. ಮೊದಲು ಹೇಳಿದ ಬೆಲೆ ಷೇರಿಗೆ 13.65 ಡಾಲರ್. ಬೆಲೆ ತೀರ ಕಡಿಮೆಯಾಯಿತು ಎಂದು ಕಾರ್ಲ್ ಐಕಾನ್ ಮತ್ತು ಸೌತ್‌ಈಸ್ಟರ್ನ್ ಎಂಬ ದೊಡ್ಡ ಹೂಡಿಕೆದಾರರು ಎದ್ದು ನಿಂತರು. ಕಂಪ್ಯೂಟರಿನ ಕಾಲ ಮುಗಿಯಿತು, ಮೊಬೈಲಿನ ಕಾಲ ಬಂತು ಎಂಬುದು ಒಂದು ಪಕ್ಷದ ಮಾತು. ಒಳಗಿನ ಬೆಲೆ ಬಲ್ಲ ಯಜಮಾನನೇ ಕೊಳ್ಳಲು ಬಂದಿದ್ದಾನೆಂದರೆ ಸರಕು ಅಗ್ಗವೆಂದೇ ಅರ್ಥ ಎಂಬುದು ಇನ್ನೊಂದು ಪಕ್ಷದ ಮಾತು. ಕೊನೆಗೆ 13.75 ಡಾಲರ್ ಮತ್ತು 13 ಸೆಂಟುಗಳ ವಿಶೇಷ ಲಾಭಾಂಶಕ್ಕೆ ಷೇರುದಾರರ ಒಪ್ಪಿಗೆ ದೊರೆತು, ಸುಮಾರು 2,490 ಕೋಟಿ ಡಾಲರಿನ ವ್ಯವಹಾರ ಆ ವರ್ಷದ ಅಕ್ಟೋಬರಿನಲ್ಲಿ ಮುಗಿಯಿತು.

ಒಪ್ಪದ ಕೆಲವರು ಡೆಲಾವೇರ್ ರಾಜ್ಯದ ನ್ಯಾಯಾಲಯಕ್ಕೆ ಹೋದರು. ನ್ಯಾಯವಾದ ಬೆಲೆ 17.62 ಡಾಲರ್ ಎಂದು 2016ರಲ್ಲಿ ತೀರ್ಪಾಯಿತು. 2017ರ ಡಿಸೆಂಬರಿನಲ್ಲಿ ಅದೇ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿ, ಪೇಟೆಯ ಬೆಲೆಗೂ ವ್ಯವಹಾರ ಕುದುರಿದ ಬೆಲೆಗೂ ಸಾಕಷ್ಟು ಮನ್ನಣೆ ಕೊಟ್ಟಿಲ್ಲ ಎಂದಿತು. 2018ರ ಡಿಸೆಂಬರಿನಲ್ಲಿ ಕಂಪೆನಿ ಮತ್ತೆ ಪೇಟೆಗೆ ಬಂತು. ಕೃತಕ ಬುದ್ಧಿಮತ್ತೆಗೆ ಬೇಕಾದ ಸರ್ವರ್‌ಗಳ ಬೇಡಿಕೆ ಹೆಚ್ಚಿದ ಮೇಲೆ ಷೇರು ಮತ್ತೆ ಎತ್ತರಕ್ಕೇರಿತು. ಒಂದೇ ಷೇರು, ಒಂದೇ ದಿನದ ಬೆಲೆ. ಅದರ ಬಗ್ಗೆ ಕಾನೂನು ಬಲ್ಲ ನ್ಯಾಯಾಧೀಶರಲ್ಲೇ ಎರಡು ಅಭಿಪ್ರಾಯ. ಷೇರಿನ ಬೆಲೆ ತಕ್ಕಡಿಯಲ್ಲಿ ತೂಗಿದ ತೂಕವಲ್ಲ, ಬರಲಿರುವ ವರ್ಷಗಳ ಬಗ್ಗೆ ಜನರಿಗಿರುವ ಅಭಿಪ್ರಾಯ ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮಲ್ಲೇ ಕಂಡದ್ದು

ಇದೇ ಪಾಠ ನಮ್ಮ ಜಿಲ್ಲೆಯ ಚರಿತ್ರೆಯಲ್ಲೂ ಇದೆ. ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು 1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಆರಂಭಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ತಂದ ಪಿಗ್ಮಿ ಠೇವಣಿ ನೇರ ವ್ಯಾಪಾರದ ಒಳ್ಳೆಯ ಮಾದರಿ. ಗಿರಾಕಿ ಬ್ಯಾಂಕಿಗೆ ಬರಬೇಕಾಗಿರಲಿಲ್ಲ; ಬ್ಯಾಂಕಿನ ಪರವಾಗಿ ಒಬ್ಬರು ದಿನವೂ ಅಂಗಡಿಯ, ಮನೆಯ ಬಾಗಿಲಿಗೆ ಬಂದು ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಡೆಯುತ್ತಿದ್ದರು. ಬೀಡಿ ಅಂಗಡಿಯವರೂ ಹೂ ಮಾರುವವರೂ ಬ್ಯಾಂಕಿನ ಗಿರಾಕಿಗಳಾದರು. ಹನಿಹನಿ ಕೂಡಿ ಹಳ್ಳವಾಯಿತು.

1969ರ ಜುಲೈ 19ರಂದು ಬ್ಯಾಂಕು ರಾಷ್ಟ್ರೀಕರಣಗೊಂಡು ಒಡೆತನ ಸರಕಾರದ್ದಾಯಿತು. 1999ರಲ್ಲಿ ಮತ್ತೆ ಸಾರ್ವಜನಿಕರಿಗೆ ಷೇರು ಬಂತು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ಲೀನವಾದಾಗ 1,000 ಸಿಂಡಿಕೇಟ್ ಷೇರಿಗೆ ದೊರೆತದ್ದು 158 ಕೆನರಾ ಷೇರು. ವಿಜಯಾ ಬ್ಯಾಂಕಿನ 1,000 ಷೇರಿಗೆ 2019ರಲ್ಲಿ ಬ್ಯಾಂಕ್ ಆಫ್ ಬರೋಡದ 402, ಕಾರ್ಪೊರೇಶನ್ ಬ್ಯಾಂಕಿನ 1,000 ಷೇರಿಗೆ 2020ರಲ್ಲಿ ಯೂನಿಯನ್ ಬ್ಯಾಂಕಿನ 330. ಕೊಡುವ ಬ್ಯಾಂಕಿನ ಷೇರಿನ ಬೆಲೆಯೂ ಬೇರೆ ಬೇರೆಯಾದ್ದರಿಂದ ಈ ಅಂಕಿಗಳನ್ನು ನೇರವಾಗಿ ಹೋಲಿಸುವಂತಿಲ್ಲ. ಆದರೆ ಒಂದು ಮಾತು ಸ್ಪಷ್ಟ. ಬಾಗಿಲಿಗೆ ಹೋಗಿ ಹಣ ಪಡೆಯುವ ಉಪಾಯ ಉಳಿಯಿತು. ಕರಾವಳಿಯ ಎಷ್ಟೋ ಸಹಕಾರಿ ಸಂಘಗಳು ಇಂದಿಗೂ ಅದನ್ನು ನಡೆಸುತ್ತಿವೆ. ಉಪಾಯ ಹುಟ್ಟಿಸಿದ ಬ್ಯಾಂಕಿನ ಹೆಸರಾಗಲಿ ಷೇರಾಗಲಿ ಉಳಿಯಲಿಲ್ಲ.

ಹೋಟೆಲಿನ ಕಡೆಯಿಂದಲೂ ಒಂದು ಉದಾಹರಣೆ ಕೊಡಬಹುದು. ಈಗ ಬ್ರಹ್ಮಾವರ ತಾಲೂಕಿಗೆ ಸೇರಿದ, ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯಿಂದ ಹೋದ ಯಜ್ಞನಾರಾಯಣ ಮಯ್ಯರೂ ಅವರ ಸೋದರರೂ 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಹೋಟೆಲೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್ ಆಯಿತು. 1975ರ ತುರ್ತುಪರಿಸ್ಥಿತಿಯಲ್ಲಿ ತಿಂಡಿಯ ಬೆಲೆಯನ್ನು ಸರಕಾರ ಕಟ್ಟಿಹಾಕಿದಾಗ ಹೋಟೆಲು ನಡೆಸುವುದೇ ನಷ್ಟವಾಗಿ, ಸಿದ್ಧ ಹಿಟ್ಟು ಮತ್ತು ಮಸಾಲೆ ಪುಡಿಗಳ ಪೊಟ್ಟಣದ ವ್ಯಾಪಾರ ಬೆಳೆಯಿತು. ಡೆಲ್ ಅಂಗಡಿಯನ್ನು ಬಿಟ್ಟು ನೇರ ಮಾರಾಟಕ್ಕೆ ಹೋಗಿ ಬೆಳೆದರೆ, ಎಂಟಿಆರ್ ತಟ್ಟೆಗೆ ನೇರವಾಗಿ ಬಡಿಸುತ್ತಿದ್ದುದರ ಜೊತೆಗೆ ಅಂಗಡಿಗಳ ದಾರಿಯನ್ನೂ ಹಿಡಿದು ಬೆಳೆಯಿತು. ಹೋಟೆಲು ಮನೆತನದವರಲ್ಲೇ ಉಳಿದು, ಪೊಟ್ಟಣದ ಕಂಪೆನಿಯನ್ನು 2007ರಲ್ಲಿ ನಾರ್ವೆ ದೇಶದ ಆರ್ಕ್ಲಾ ಕೊಂಡುಕೊಂಡಿತು.

ಕೇರಳದ ಈಸ್ಟರ್ನ್ ಮಸಾಲೆ ಕಂಪೆನಿಯನ್ನೂ ಕೂಡಿಕೊಂಡ ಆರ್ಕ್ಲಾ ಇಂಡಿಯಾ 2025ರ ನವೆಂಬರಿನಲ್ಲಿ ಷೇರುಪೇಟೆಗೆ ಬಂತು. ಷೇರಿಗೆ 730 ರೂಪಾಯಿ, ಎಂದರೆ ವರ್ಷದ ಲಾಭದ ಸರಿಸುಮಾರು 40 ಪಟ್ಟು. ಮಾರಿದ್ದೆಲ್ಲ ಹಳೆಯ ಷೇರುದಾರರ ಪಾಲು. ಆ ಹಣ ಕಂಪೆನಿಯ ಗಲ್ಲಾಕ್ಕೆ ಬರಲಿಲ್ಲ, ಮಾರಿದವರಿಗೆ ಹೋಯಿತು. ಇದರಲ್ಲಿ ತಪ್ಪೇನೂ ಇಲ್ಲ, ಕಾನೂನಿನಂತೆ ಎಲ್ಲವನ್ನೂ ಮೊದಲೇ ಪ್ರಕಟಿಸಿರುತ್ತಾರೆ. ಆದರೆ ‘ಎಂಟಿಆರ್ ನಮ್ಮೂರವರದು, ರವೆ ಇಡ್ಲಿ ರುಚಿ’ ಎಂದು ಷೇರು ಕೊಳ್ಳುವವರು ಒಂದನ್ನು ತಿಳಿದಿರಬೇಕು. ರುಚಿಗೆ ಪೊಟ್ಟಣದ ಬೆಲೆ ಸಾಕು. ಷೇರಿನ ಬೆಲೆ ಮುಂದಿನ ಹಲವು ವರ್ಷಗಳ ಬೆಳವಣಿಗೆಗೆ.

ಕೊಳ್ಳುವವರು ತಮ್ಮನ್ನು ತಾವೇ ಕೇಳಿಕೊಳ್ಳಬಹುದಾದ ಪ್ರಶ್ನೆಗಳು ಇಷ್ಟೇ. ಈ ಕಂಪೆನಿಗೆ ಹಣ ಮೊದಲು ಬರುತ್ತದೆಯೇ, ಸರಕು ಮೊದಲು ಹೋಗುತ್ತದೆಯೇ? ವ್ಯಾಪಾರ ಇಳಿದರೆ ಬಾಕಿ ಯಾರಿಗೆಷ್ಟು? ಇದರ ಉಪಾಯವನ್ನು ಪಕ್ಕದ ಅಂಗಡಿಯವನು ನಾಳೆ ಅನುಕರಿಸಬಲ್ಲನೇ? ನನಗೆ ಮಾರುತ್ತಿರುವವರು ಯಾರು, ಯಾಕೆ ಮಾರುತ್ತಿದ್ದಾರೆ? ಎಲ್ಲಕ್ಕಿಂತ ಮುಖ್ಯವಾಗಿ, ಈ ಕಂಪೆನಿಯ ಒಳ್ಳೆಯತನದಲ್ಲಿ ಎಷ್ಟು ಭಾಗಕ್ಕೆ ನಾನು ಇಂದೇ ಬೆಲೆ ತೆರುತ್ತಿದ್ದೇನೆ? ಮದುವೆಗೋ ಮನೆಗೋ ಕೂಡಿಟ್ಟ ಹಣವನ್ನು ಪೇಟೆಗೆ ಹಾಕುವ ಮುನ್ನ ಈ ಕೊನೆಯ ಪ್ರಶ್ನೆಗೆ ಕಾಗದದ ಮೇಲೆ ಲೆಕ್ಕ ಬರೆದು ಉತ್ತರ ಹೇಳಿಕೊಳ್ಳಲಾಗದಿದ್ದರೆ, ಆ ಹಣ ಬ್ಯಾಂಕಿನಲ್ಲೇ ಇರುವುದು ಲೇಸು.